ಮೊದಲು ದಾಟಿದವರು

ಸಿದ್ಧವಾದ ದಾರಿಯಲ್ಲಿ ನಡೆಯುವವನು ಆ ದಾರಿಗೆ ಏನನ್ನಾದರೂ ಸಲ್ಲಿಸಬೇಕಾಗಿದೆಯೇ? ಪ್ರಶ್ನೆ ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ದಾರಿ ಇರುವುದೇ ನಡೆಯುವುದಕ್ಕಾಗಿ. ನಡೆದವನು ಸುಂಕವಿದ್ದರೆ ಸುಂಕ ಕೊಟ್ಟು, ಇಲ್ಲದಿದ್ದರೆ ಕಾಲಿನ ಧೂಳು ಕೊಡವಿಕೊಂಡು ಮನೆಗೆ ಹೋಗುತ್ತಾನೆ. ಅಲ್ಲಿಗೆ ಲೆಕ್ಕ ತೀರಿತು. ನಾವೂ ಬಹುಕಾಲ ಹೀಗೆಯೇ ನಂಬಿದ್ದೆವು. ಈ ನಂಬಿಕೆಯನ್ನು ಅಲುಗಿಸಿದ್ದು ಆಲ್ಪ್ಸ್ ಪರ್ವತಗಳ ನಡುವಣ ಒಂದು ಕಮರಿ, ಮತ್ತು ಆ ಕಮರಿಯ ಬಂಡೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಹೋತ. ಅದನ್ನು ಕುರಿತು ನಮ್ಮ ಓದುಗರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬುದು ಈ ಲೇಖನದ ಉದ್ದೇಶ.

ಕಮರಿಯ ಹೆಸರು ಶೋಲೆನೆನ್. ಸ್ವಿಟ್ಜರ್ಲೆಂಡಿನ ಊರಿ ಎಂಬ ಪ್ರಾಂತದಲ್ಲಿ, ಗೋಶೆನೆನ್ ಮತ್ತು ಆಂಡರ್ಮಾಟ್ ಎಂಬ ಎರಡು ಊರುಗಳ ನಡುವೆ, ರೊಯ್ಸ್ ನದಿ ಕಗ್ಗಲ್ಲನ್ನು ಸೀಳಿಕೊಂಡು ಇಳಿಯುವ ಸ್ಥಳ ಅದು. ಕೆಳಗಿನ ಗೋಶೆನೆನ್ ಸಮುದ್ರಮಟ್ಟದಿಂದ ಸುಮಾರು ೧,೧೦೦ ಮೀಟರು ಎತ್ತರದಲ್ಲಿದೆ. ಮೇಲಿನ ಆಂಡರ್ಮಾಟ್ ಸುಮಾರು ೧,೪೪೦ ಮೀಟರು. ನಡುವಿನ ನಡಿಗೆ ಮೂರು ಮೈಲಿಯ ಆಸುಪಾಸು. ಇಟಲಿಯ ಬಯಲಿಗೂ ಉತ್ತರದ ಜರ್ಮನ್ ನಾಡುಗಳಿಗೂ ನಡುವೆ ನೇರವಾದ ಹಾದಿಯೆಂದರೆ ೨,೧೦೬ ಮೀಟರು ಎತ್ತರದ ಗೊಟ್ಟಾರ್ಡ್ ಘಟ್ಟದ ಮೇಲಿನದು. ಆ ಘಟ್ಟವನ್ನು ಹತ್ತಿ ಇಳಿಯುವುದು ಹೇಸರಗತ್ತೆಗಳಿಗೂ ಅವನ್ನು ಹೊಡೆದುಕೊಂಡು ಹೋಗುವವರಿಗೂ ಅಸಾಧ್ಯವಾಗಿರಲಿಲ್ಲ. ಉತ್ತರದ ಕಡೆ ಇಳಿದ ಮೇಲೆ ಬಾಗಿಲು ಹಾಕಿಕೊಂಡಂತೆ ಅಡ್ಡ ನಿಲ್ಲುತ್ತಿದ್ದುದು ಈ ಕಮರಿ. ಎರಡು ಕಡೆಯೂ ನೆಟ್ಟಗೆ ನಿಂತ ಕಲ್ಲು. ನಡುವೆ ಕಾಲಿಡಲು ದಡವೇ ಇಲ್ಲದ ನೀರು. ಈ ಮೂರು ಮೈಲಿಗೆ ದಾರಿ ಸಿಕ್ಕುವವರೆಗೆ ಗೊಟ್ಟಾರ್ಡ್ ದೊಡ್ಡ ಹೆದ್ದಾರಿಯಾಗಲಿಲ್ಲ.

ನಾವು ಗೋಶೆನೆನ್ ತಲುಪಿದ್ದು ದಕ್ಷಿಣದಿಂದ, ರೈಲಿನಲ್ಲಿ. ಐರೋಲೊ ನಿಲ್ದಾಣವನ್ನು ಬಿಟ್ಟೊಡನೆ ಗಾಡಿ ಬೆಟ್ಟದೊಳಗೆ ಹೊಕ್ಕಿತು. ಹೊರಗೆ ಕತ್ತಲೆ, ಕಿಟಕಿಯ ಗಾಜಿನಲ್ಲಿ ನಮ್ಮದೇ ಮುಖ. ನೋಡುವುದಕ್ಕೆ ಏನೂ ಇಲ್ಲವೆಂದು ಕಣ್ಣು ಮುಚ್ಚಿದೆವು. ಕಣ್ಣು ತೆರೆಯುವ ಹೊತ್ತಿಗೆ ಬೆಳಕು ಬಂದಿತ್ತು, ಊರೂ ಬಂದಿತ್ತು. ೧೫ ಕಿಲೋಮೀಟರು ಬೆಟ್ಟ ನಮ್ಮ ತಲೆಯ ಮೇಲೆ ಹಾದುಹೋದದ್ದು ನಮಗೆ ತಿಳಿಯಲೇ ಇಲ್ಲ. ಈ ಸಣ್ಣ ನಿದ್ದೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು; ಅದರ ಮಾತಿಗೆ ಮತ್ತೆ ಬರುವುದಿದೆ.

ನಮ್ಮೊಡನೆ ಮಿತ್ರರೊಬ್ಬರಿದ್ದರು. ವೃತ್ತಿಯಿಂದ ಗಣಿತದ ಉಪಾಧ್ಯಾಯರು. ಯಾವ ಮಾತನ್ನೂ ತೂಗಿ ನೋಡದೆ ಒಪ್ಪುವವರಲ್ಲ. ಊರಿನ ಮನೆಗಳನ್ನು ಹಿಂದೆ ಬಿಟ್ಟು ಇಬ್ಬರೂ ಏರತೊಡಗಿದೆವು. ಅಲ್ಲಿ ಕಾಲುದಾರಿಗಳಿಗೆ ಹಳದಿ ಬಣ್ಣದ ಕೈಕಂಬಗಳಿರುತ್ತವೆ. ಮುಂದಿನ ಊರು ಎಷ್ಟು ಹೊತ್ತಿನ ನಡಿಗೆಯೆಂದು ಅವುಗಳ ಮೇಲೆಯೇ ಬರೆದಿರುತ್ತದೆ. ದಾರಿ ಕೇಳುವ ಕಷ್ಟವೂ ಇಲ್ಲ. ಮೊದಲು ಸಿಕ್ಕಿದ್ದು ಹೇಡರ್ಲಿ ಸೇತುವೆ ಎಂಬ ಒಂಟಿ ಕಲ್ಲುಕಮಾನು. ೧೯೮೭ರ ಮಹಾಪ್ರವಾಹದಲ್ಲಿ ಅದು ಕೊಚ್ಚಿಹೋಯಿತು. ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಿದ್ದಾರೆ. ಅದನ್ನು ದಾಟಿದ ಮೇಲೆ ಕಣಿವೆ ಇಕ್ಕಟ್ಟಾಗುತ್ತ ಹೋಯಿತು. ಆಕಾಶ ತಲೆಯ ಮೇಲೆ ಒಂದು ಪಟ್ಟಿಯಷ್ಟು ಉಳಿಯಿತು. ಬೂದುಬಣ್ಣದ ಬಂಡೆಗಳ ಮೈಯಿಂದ ನೀರು ಜಿನುಗುತ್ತಿತ್ತು. ಕೆಳಗೆ ರೊಯ್ಸ್ ನದಿ, ಹೆಸರಿಗೆ ನದಿ. ನಮ್ಮ ಕಣ್ಣಿಗೆ ಕಂಡದ್ದು ಒಂದು ಬಂಡೆಯಿಂದ ಇನ್ನೊಂದಕ್ಕೆ ಧುಮುಕುವ ಬಿಳಿಯ ನೊರೆ. ಅದರ ಸದ್ದಿನಲ್ಲಿ ಮಾತು ಕೇಳಿಸದೆ ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಕೂಗಬೇಕಾಯಿತು.

ಇಷ್ಟೆಲ್ಲ ಭೀಕರವಾಗಿದ್ದರೂ ನಾವು ಒಮ್ಮೆಯೂ ಹೆದರಲಿಲ್ಲ. ಕಾಲಿಡುವ ಕಡೆ ಮೆಟ್ಟಿಲಿತ್ತು, ಕೈಯಿಡುವ ಕಡೆ ಕಬ್ಬಿಣದ ಕಟಾಂಜನವಿತ್ತು. ಪಕ್ಕದಲ್ಲಿಯೇ ಮೋಟಾರು ರಸ್ತೆ. ಅದರ ಮೇಲೆ ಹಿಮಪಾತವನ್ನು ತಡೆಯಲು ಕಟ್ಟಿದ ಮಾಡುಗಳು. ಇನ್ನೊಂದು ಮಗ್ಗುಲಿಗೆ ೧೯೧೭ರಿಂದ ಓಡುತ್ತಿರುವ ಹಲ್ಲುಕಂಬಿಯ ರೈಲು. ಈ ಕಮರಿಯಲ್ಲಿ ಪಡಬೇಕಾದ ಭಯವನ್ನು ನಮಗಿಂತ ಮೊದಲು ಬೇರೆ ಯಾರೋ ಪಟ್ಟು ಮುಗಿಸಿದ್ದರು. ನಮಗಾಗಿ ಉಳಿಸಿದ್ದು ಅದರ ಸೌಂದರ್ಯವನ್ನು ಮಾತ್ರ.

ಹೀಗೆ ಒಂದು ಗಂಟೆಯ ಮೇಲೆ ಏರಿದಾಗ ಕಮರಿಯ ಕಂಠಕ್ಕೆ ಬಂದೆವು. ಅಲ್ಲಿ ನೀರು ಎತ್ತರದಿಂದ ಬಿದ್ದು ತುಂತುರಾಗಿ ಮೇಲೇಳುತ್ತದೆ. ಆ ತುಂತುರಿನ ಮೇಲೆ ಒಂದರ ಹಿಂದೊಂದು ಎರಡು ಸೇತುವೆಗಳು: ಒಂದು ೧೮೩೦ರಲ್ಲಿ ಮುಗಿದದ್ದು, ಇನ್ನೊಂದು ೧೯೫೮ರದು. ಎರಡಕ್ಕೂ ಒಂದೇ ಹೆಸರು, ಸೈತಾನನ ಸೇತುವೆ. ಎದುರಿನ ಬಂಡೆಯ ಮೇಲೆ ಕೆಂಪುಬಣ್ಣದ ಸೈತಾನನೊಬ್ಬ, ಅವನ ಜೊತೆಗೆ ಒಂದು ಹೋತ. ಊರಿ ಪ್ರಾಂತದವನೇ ಆದ ಹೈನ್ರಿಖ್ ದಾನಿಯೋಟ್ ಎಂಬ ಚಿತ್ರಕಾರ ೧೯೫೦ರಲ್ಲಿ ಅದನ್ನು ಬರೆದ.

ಚಿತ್ರಕ್ಕೆ ಒಂದು ಕಥೆಯಿದೆ. ಬಹಳ ಹಿಂದೆ ಈ ಸೀಮೆಯ ಜನ ಇಲ್ಲಿ ಸೇತುವೆ ಕಟ್ಟಲು ಹೆಣಗಿ ಸೋತರಂತೆ. ಕೊನೆಗೆ ಊರಿನ ಯಜಮಾನ ಬೇಸತ್ತು, "ಇಲ್ಲಿ ಸೈತಾನನೇ ಬಂದು ಸೇತುವೆ ಕಟ್ಟಬೇಕು" ಎಂದನಂತೆ. ಮಾತು ಮುಗಿಯುವಷ್ಟರಲ್ಲಿ ಸೈತಾನ ಪ್ರತ್ಯಕ್ಷನಾದ. ಕಟ್ಟಿಕೊಡುತ್ತೇನೆ, ಆದರೆ ಸೇತುವೆಯನ್ನು ಮೊದಲು ದಾಟುವ ಜೀವ ನನ್ನದು ಎಂದ. ಜನ ಒಪ್ಪಿದರು. ಸೇತುವೆ ಎದ್ದು ನಿಂತಿತು. ಸೈತಾನ ಆಚೆಯ ದಡದಲ್ಲಿ ಕಾದು ಕುಳಿತ. ಆಗ ಜನ ಒಂದು ಹೋತವನ್ನು ತಂದು ಸೇತುವೆಯ ಮೇಲೆ ಅಟ್ಟಿದರು. ಮೋಸಹೋದ ಸೈತಾನ ಸೇತುವೆಯನ್ನೇ ಒಡೆಯುವೆನೆಂದು ಮನೆಯಷ್ಟು ದೊಡ್ಡ ಬಂಡೆಯನ್ನು ಹೊತ್ತು ತಂದ. ದಾರಿಯಲ್ಲಿ ದಣಿವಾರಿಸಿಕೊಳ್ಳಲು ಅದನ್ನು ಇಳಿಸಿದಾಗ ಒಬ್ಬ ಮುದುಕಿ ಅದರ ಮೇಲೆ ಶಿಲುಬೆಯ ಗುರುತು ಕೊರೆದಳು. ಮತ್ತೆ ಅದನ್ನು ಎತ್ತಲಾರದೆ ಸೈತಾನ ಅಲ್ಲಿಯೇ ಬಿಟ್ಟು ಓಡಿದ. ಆ ಬಂಡೆ ಇಂದಿಗೂ ಗೋಶೆನೆನ್‌ನಲ್ಲಿದೆ.

ಕಥೆ ಕೇಳಿದವರು ನಗುತ್ತಾರೆ. ನಾವೂ ನಕ್ಕೆವು. ಬಲಿಷ್ಠನಾದ ದುಷ್ಟನನ್ನು ದುರ್ಬಲರಾದ ಹಳ್ಳಿಗರು ಬುದ್ಧಿಯಿಂದ ಗೆದ್ದರು. ನಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಸೈತಾನನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೇ ಎಂಬ ಚರ್ಚೆಯನ್ನು ನೀತಿಶಾಸ್ತ್ರಜ್ಞರು ಬೆಳೆಸಬಹುದು. ಆದರೆ ಬಂಡೆಯ ಮೇಲಿನ ಚಿತ್ರವನ್ನು ನೋಡುತ್ತ ನಿಂತಾಗ ನಮ್ಮ ಕಣ್ಣು ಸೈತಾನನ ಮೇಲೆ ನಿಲ್ಲಲಿಲ್ಲ, ಹೋತದ ಮೇಲೆ ನಿಂತಿತು. ಒಪ್ಪಂದ ಮಾಡಿದವರು ಊರಿನವರು. ಅದರ ಫಲವನ್ನು ಉಂಡವರೂ ಊರಿನವರು. ಬೆಲೆ ತೆತ್ತದ್ದು ಮಾತ್ರ ಒಪ್ಪಂದದ ಸುದ್ದಿಯನ್ನೇ ಅರಿಯದ ಒಂದು ಪ್ರಾಣಿ. ಸೇತುವೆಯ ಮೇಲೆ ಹುಲ್ಲಿನ ಆಸೆಯಿಂದ ಹೋಯಿತೋ ಕೋಲಿನ ಭಯದಿಂದ ಹೋಯಿತೋ, ಅದಕ್ಕೆ ತಿಳಿದಷ್ಟೇ ಅದರ ಲೋಕ. ನಮ್ಮ ನಗು ಅಲ್ಲಿ ಸ್ವಲ್ಪ ಸಡಿಲಾಯಿತು.

ನಮ್ಮ ಓದುಗರಿಗೆ ಈ ಹೊತ್ತಿಗೆ ಇನ್ನೊಂದು ಕಥೆ ನೆನಪಾಗಿರಬೇಕು. ಕನ್ನಡದ ಮಕ್ಕಳಿಗೆ 'ಕೆರೆಗೆ ಹಾರ'ವನ್ನು ನಾವು ಹೇಳಿಕೊಡಬೇಕಾಗಿಲ್ಲ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಬಲಿ ಬೇಕೆಂದು ಹೊತ್ತಿಗೆ ಹೇಳಿತು. ಹಿರಿಯ ಸೊಸೆಯನ್ನು ಬಿಟ್ಟು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಅಲ್ಲಿಯೂ ಮಾತುಕತೆ ನಡೆದದ್ದು ಅವಳಿಲ್ಲದ ಕಡೆ. ಆಲ್ಪ್ಸಿನ ಕಥೆಗೂ ನಮ್ಮ ಹಾಡಿಗೂ ಇರುವ ಅಂತರ ದೊಡ್ಡದು. ಅವರ ಕಥೆ ಹೋತವನ್ನು ಮುಂದಿಟ್ಟು ನಮ್ಮನ್ನು ನಗಿಸುತ್ತದೆ. ನಮ್ಮ ಹಾಡು ಹೆಣ್ಣುಮಗಳನ್ನು ಮುಂದಿಟ್ಟು ಅಳಿಸುತ್ತದೆ. ಆದರೆ ಎರಡರ ತಳದಲ್ಲಿಯೂ ಒಂದೇ ಅರಿವು ಇದೆ. ದೊಡ್ಡ ಕಟ್ಟಡಗಳಿಗೆ ಜೀವದ ಬೆಲೆಯುಂಟು. ಆ ಬೆಲೆಯನ್ನು ಕೊಡುವವರು ಸಭೆಯಲ್ಲಿ ಕುಳಿತವರಲ್ಲ. ನಮ್ಮ ಹಾಡು ಈ ಅರಿವನ್ನು ಮುಚ್ಚಿಡದೆ ಹೇಳಿತು. ಅದಕ್ಕೇ ಅದನ್ನು ಕೇಳಿದವರಿಗೆ ಕೆರೆಯ ನೀರು ಮೊದಲಿನಂತೆ ಕಾಣುವುದಿಲ್ಲ.

ಕಥೆಯನ್ನು ಬಿಟ್ಟು ಚರಿತ್ರೆಗೆ ಬಂದರೆ ಸೈತಾನ ಮಾಯವಾಗುತ್ತಾನೆ, ಕಟ್ಟಿದ ಕೈಗಳು ಕಾಣಿಸಿಕೊಳ್ಳುತ್ತವೆ. ೧೩ನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಮರದ ಸೇತುವೆಯಾಯಿತು. ಸೇತುವೆಯೊಂದೇ ಸಾಕಾಗಲಿಲ್ಲ, ಅದರಿಂದ ಮುಂದಕ್ಕೆ ನೆಟ್ಟಗಿನ ಬಂಡೆಯ ಮೈಗೆ ಹಲಗೆಗಳ ಅಟ್ಟಣೆಯನ್ನು ತೂಗುಹಾಕಿ ನೀರಿನ ಮೇಲೆಯೇ ನಡೆಯುವ ದಾರಿ ಮಾಡಿದರು. ಪಶ್ಚಿಮದ ವಾಲೆ ಸೀಮೆಯಿಂದ ವಲಸೆ ಬಂದ ವಾಲ್ಸರ್ ಜನರ ಕೈವಾಡ ಇದರಲ್ಲಿತ್ತೆಂದು ಹೇಳುತ್ತಾರೆ. ಬಂಡೆಗೆ ಮೊದಲ ಗೂಟ ಬಡಿದವನು ಹಗ್ಗಕ್ಕೆ ಜೋತು ಬಿದ್ದಿರಬೇಕು. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ೧೫೯೫ರಲ್ಲಿ ಕಲ್ಲಿನ ಸೇತುವೆ ಬಂತು. ೧೭೦೮ರಲ್ಲಿ ಪಿಯೆತ್ರೊ ಮೊರೆತ್ತೀನಿ ಎಂಬ ಶಿಲ್ಪಿ ಹಲಗೆಯ ದಾರಿಗೆ ಬದಲಾಗಿ ಬಂಡೆಯನ್ನೇ ೬೪ ಮೀಟರು ಕೊರೆಸಿ ಸುರಂಗ ಮಾಡಿಸಿದ. ಆಲ್ಪ್ಸಿನ ರಸ್ತೆಗಳಲ್ಲಿ ಅದೇ ಮೊದಲ ಸುರಂಗ, ಹೆಸರು ಊರ್ನರ್ಲೋಕ್. ೧೮೩೦ರಲ್ಲಿ ಗಾಡಿಗಳು ಹೋಗಬಲ್ಲ ಹೊಸ ಸೇತುವೆಯಾದ ಮೇಲೆ ಹಳೆಯ ಕಲ್ಲುಸೇತುವೆ ಅನಾಥವಾಗಿ ನಿಂತು ೧೮೮೮ರಲ್ಲಿ ತಾನಾಗಿಯೇ ಕುಸಿದುಬಿತ್ತು.

ಈ ಇಕ್ಕಟ್ಟಿನಲ್ಲಿ ಮನುಷ್ಯರು ಯುದ್ಧವನ್ನೂ ಮಾಡಿದ್ದಾರೆ. ೧೭೯೯ರ ಸೆಪ್ಟೆಂಬರ್ ೨೫ರಂದು, ಇಟಲಿಯಿಂದ ಘಟ್ಟ ದಾಟಿ ಬಂದ ಸುವೊರೊವ್ ಸೇನಾಪತಿಯ ರಷ್ಯನ್ ಸೈನ್ಯ ಇಲ್ಲಿ ಫ್ರೆಂಚರನ್ನು ಎದುರಿಸಿತು. ಫ್ರೆಂಚರು ಸೇತುವೆಯ ಒಂದು ಭಾಗವನ್ನು ಕೆಡವಿದರು. ರಷ್ಯನ್ನರು ಗುಂಡುಗಳ ನಡುವೆಯೇ ಮರದ ತೊಲೆಗಳನ್ನು ಜೋಡಿಸಿ, ಅಧಿಕಾರಿಗಳ ನಡುಪಟ್ಟಿಗಳಿಂದ ಬಿಗಿದು ದಾಟಿದರೆಂದು ಹೇಳುತ್ತಾರೆ. ೧೮೯೮ರಲ್ಲಿ ಅಲ್ಲಿಯ ಬಂಡೆಯಲ್ಲಿ ೧೨ ಮೀಟರು ಎತ್ತರದ ಶಿಲುಬೆಯನ್ನು ಕೊರೆಸಿ ಸ್ಮಾರಕ ಮಾಡಿದರು. ಅದರ ಮೇಲೆ ಸೇನಾಪತಿಯ ಹೆಸರು ಬಿರುದುಗಳ ಸಹಿತವಾಗಿದೆ. ಸತ್ತವರು ಅವನ ವೀರ ಸಂಗಡಿಗರಾಗಿ, ಹೆಸರಿಲ್ಲದೆ, ಒಟ್ಟಿಗೆ ಇದ್ದಾರೆ. ಆ ತೊಲೆಗಳ ಮೇಲೆ ಮೊದಲು ಕಾಲಿಟ್ಟವನೂ ಹುಟ್ಟಿದ ಹಳ್ಳಿಯಲ್ಲಿ ಒಂದು ಹೆಸರಿನಿಂದ ಕರೆಸಿಕೊಳ್ಳುತ್ತಿದ್ದವನೇ.

ಮೊರೆತ್ತೀನಿಯ ಸುರಂಗವನ್ನು ದಾಟಿದೊಡನೆ ನೋಟ ಥಟ್ಟನೆ ಬದಲಾಗುತ್ತದೆ. ಕಲ್ಲು ಹಿಂದಕ್ಕೆ ಸರಿಯುತ್ತದೆ. ಊರ್ಸೆರೆನ್ ಕಣಿವೆಯ ಹಸುರು ಬಯಲು ಅಂಗೈಯಂತೆ ತೆರೆದುಕೊಳ್ಳುತ್ತದೆ. ಆಗಷ್ಟೇ ಮೊರೆಯುತ್ತಿದ್ದ ರೊಯ್ಸ್ ಇಲ್ಲಿ ಬಯಲಿನ ತೊರೆಯಂತೆ ಸದ್ದಿಲ್ಲದೆ ಹರಿಯುತ್ತದೆ. ಆಂಡರ್ಮಾಟ್‌ನಲ್ಲಿ ಸ್ವಲ್ಪ ವಿಶ್ರಮಿಸಿ, ಹಲ್ಲುಕಂಬಿಯ ರೈಲು ಹತ್ತಿ ಮತ್ತೆ ಗೋಶೆನೆನ್‌ಗೆ ಇಳಿದೆವು. ದಕ್ಷಿಣದ ಗಾಡಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಬೆಂಚಿನ ಮೇಲೆ ಕುಳಿತಾಗ ಎದುರಿಗೆ ಕಂಡದ್ದು ನಾವು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಹೊರಬಿದ್ದ ಸುರಂಗದ ಬಾಯಿ.

ಆ ಸುರಂಗದ ಕಥೆಯಲ್ಲಿ ಸೈತಾನನಿಲ್ಲ. ಒಪ್ಪಂದ ಮಾತ್ರ ಇದೆ. ೧೮೭೨ರಲ್ಲಿ ಜಿನೀವಾದ ಲೂಯಿ ಫಾವ್ರ್ ಎಂಬ ಗುತ್ತಿಗೆದಾರ ಎಂಟು ವರ್ಷಗಳಲ್ಲಿ ಗೊಟ್ಟಾರ್ಡ್ ಬೆಟ್ಟವನ್ನು ಕೊರೆದು ಮುಗಿಸುವೆನೆಂದು ಸಹಿ ಹಾಕಿದ. ತಡವಾದರೆ ಮೊದಲ ಆರು ತಿಂಗಳು ದಿನಕ್ಕೆ ೫,೦೦೦ ಫ್ರಾಂಕ್ ದಂಡ. ದಿನಕ್ಕೆ ದಂಡವಿದ್ದ ಮೇಲೆ ಪ್ರತಿ ಗಂಟೆಗೂ ಬೆಲೆ ಬಂತು. ಗಂಟೆಗೆ ಬೆಲೆ ಬಂದ ಮೇಲೆ ಡೈನಮೈಟಿನ ಹೊಗೆ ಆರುವವರೆಗೆ ಕಾಯುವುದು ನಷ್ಟವಾಯಿತು. ಒಳಗೆ ಕೆಲಸ ಮಾಡಿದವರು ಹೆಚ್ಚಾಗಿ ಇಟಲಿಯ ಬಡಹಳ್ಳಿಗಳವರು. ೩೦ ಡಿಗ್ರಿಗೂ ಮೀರಿದ ಸೆಖೆ, ಮೊಣಕಾಲವರೆಗೆ ನೀರು, ಉಸಿರಿಗೆ ಹೊಗೆ. ೧೮೭೫ರ ಜುಲೈ ತಿಂಗಳಲ್ಲಿ ಇದೇ ಗೋಶೆನೆನ್‌ನಲ್ಲಿ ಅವರು ಕೆಲಸ ನಿಲ್ಲಿಸಿದರು. ಊರಿ ಪ್ರಾಂತದ ಸಶಸ್ತ್ರ ಪಡೆ ಗುಂಡು ಹಾರಿಸಿತು. ನಾಲ್ವರು ಕೂಲಿಗಾರರು ಸತ್ತರು. ಇನ್ನೊಂದು ಶತ್ರು ಕಣ್ಣಿಗೆ ಕಾಣದ್ದು. ಶೌಚದ ಏರ್ಪಾಟಿಲ್ಲದ ಆ ಬೆಚ್ಚನೆಯ ಕೆಸರಿನಲ್ಲಿ ಕೊಕ್ಕೆಹುಳು ಬೆಳೆದು ಸಾವಿರಾರು ಮಂದಿಯ ರಕ್ತ ಹೀರಿತು. ೧೮೮೦ರಲ್ಲಿ ಇಟಲಿಯ ತೂರಿನ್ ನಗರದ ಪೆರೊಂಚೀತೊ ಎಂಬ ವಿಜ್ಞಾನಿ ಸುರಂಗದ ರೋಗಿಗಳಲ್ಲಿ ಆ ಹುಳುವನ್ನು ಗುರುತಿಸಿದ. ಅಲ್ಲಿಯವರೆಗೆ ಅವರ ಬಿಳಿಚುವಿಕೆಗೆ ಕಾರಣವೇ ತಿಳಿದಿರಲಿಲ್ಲ.

ಸುರಂಗದಲ್ಲಿ ಸತ್ತವರು ೧೭೭ ಎಂದು ಒಂದು ಲೆಕ್ಕ, ೧೯೯ ಎಂದು ಇನ್ನೊಂದು ಲೆಕ್ಕ. ರೋಗ ಹೊತ್ತು ಊರಿಗೆ ಹೋಗಿ ಅಲ್ಲಿ ಕಣ್ಣು ಮುಚ್ಚಿದವರು ಯಾವ ಲೆಕ್ಕಕ್ಕೂ ಸೇರಲಿಲ್ಲ. ದಂಡದ ಫ್ರಾಂಕುಗಳ ಬಗ್ಗೆ ಮಾತ್ರ ಎರಡು ಲೆಕ್ಕಗಳಿಲ್ಲ. ಫಾವ್ರ್ ಕೂಡ ಉಳಿಯಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ೧೮೭೯ರ ಜುಲೈನಲ್ಲಿ ಸುರಂಗವನ್ನು ನೋಡಲು ಒಳಗೆ ಹೋದವನು ಅಲ್ಲಿಯೇ ಕುಸಿದು ಸತ್ತ. ಮರುವರ್ಷ ಫೆಬ್ರವರಿ ಕೊನೆಯಲ್ಲಿ ಎರಡು ಕಡೆಯ ಕೊರೆತಗಳು ಬೆಟ್ಟದ ನಡುವೆ ಕೂಡಿದವು. ಆ ತೂತಿನಲ್ಲಿ ಎಲ್ಲರಿಗಿಂತ ಮೊದಲು ದಾಟಿಸಿದ್ದು ತಗಡಿನ ಡಬ್ಬಿಯಲ್ಲಿಟ್ಟ ಫಾವ್ರ್‌ನ ಭಾವಚಿತ್ರವಂತೆ. ಮೃತನಾದ ಯಜಮಾನನಿಗೆ ಕೆಲಸಗಾರರು ಸಲ್ಲಿಸಿದ ಗೌರವ ಅದು. ಅದರಲ್ಲಿ ನಾವು ಕುಂದು ಹುಡುಕುವುದಿಲ್ಲ. ಆದರೆ ಸೇತುವೆಯ ಕಥೆಯನ್ನು ಆಗ ತಾನೇ ಕೇಳಿ ಬಂದಿದ್ದ ನಮಗೆ 'ಮೊದಲು ದಾಟಿದವರು ಯಾರು' ಎಂಬ ಪ್ರಶ್ನೆ ಮತ್ತೆ ಎದುರು ನಿಂತಿತು. ಅಂಗುಲ ಅಂಗುಲವಾಗಿ ಕತ್ತಲೆಯಲ್ಲಿ ಮುಂದೆ ನಡೆದವರು ಆ ದಿನಕ್ಕೆ ಮೊದಲೇ ದಾಟಿ ಹೋಗಿದ್ದರು.

ನಮ್ಮ ಮಾತನ್ನು ಕೇಳಿದ ಮಿತ್ರರು ಸುಮ್ಮನೆ ಒಪ್ಪಲಿಲ್ಲ. "ಸ್ವಾಮಿ, ಹೋತವೂ ಭಾಗೀರಥಿಯೂ ಬೇರೆ, ಈ ಕೂಲಿಗಾರರು ಬೇರೆ. ಇವರು ಕೂಲಿ ಒಪ್ಪಿಕೊಂಡು ಬಂದವರು" ಎಂದರು. ಒಪ್ಪಿದ್ದು ನಿಜ. ಆದರೆ ಯಾವುದಕ್ಕೆ ಒಪ್ಪಿದರು? ದಿನದ ದುಡಿಮೆಗೆ ಒಪ್ಪಿದರು. ಹೆಸರೇ ಗೊತ್ತಿಲ್ಲದ ಹುಳುವಿಗೆ ಒಪ್ಪಲಿಲ್ಲ. ತಿಳಿಯದ್ದಕ್ಕೆ ಕೊಟ್ಟ ಒಪ್ಪಿಗೆ ಅರ್ಧ ಒಪ್ಪಿಗೆ. ತಿಳಿದ ಮೇಲೆ 'ಇನ್ನು ಸಾಕು' ಎನ್ನುವ ಅವಕಾಶ ಇದ್ದಿದ್ದರೆ ಉಳಿದರ್ಧವೂ ಕೂಡುತ್ತಿತ್ತು. ೧೮೭೫ರಲ್ಲಿ ಹಾಗೆಂದವರಿಗೆ ಸಿಕ್ಕಿದ ಉತ್ತರ ಗುಂಡು.

"ಹಾಗಾದರೆ ಸುರಂಗವೇ ಬೇಡವಾಗಿತ್ತೇ? ಅದಕ್ಕೆ ಮೊದಲು ಘಟ್ಟದ ಹಿಮದಲ್ಲಿ ಹೂತುಹೋದವರು ಎಷ್ಟೋ ಮಂದಿ. ಉಳಿದ ಜೀವಗಳನ್ನು ಎಣಿಸಿದರೆ ಹೋದವುಗಳಿಗಿಂತ ಹೆಚ್ಚಾದಾವು" ಎಂದು ಮಿತ್ರರು ಮುಂದುವರಿಸಿದರು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದಾರಿ ಬೇಡವೆನ್ನುವವನು ದಾರಿಯಿಲ್ಲದವರ ಕಷ್ಟವನ್ನು ಕಂಡಿಲ್ಲ; ಕೆರೆ ಬೇಡವೆನ್ನುವವನು ನೀರಡಿಕೆಯನ್ನು ಕಂಡಿಲ್ಲ. ಆದರೆ ಕೂಡಿ ಕಳೆಯುವ ಲೆಕ್ಕದಲ್ಲಿ ಒಂದು ಮಾತು ಉಳಿದುಹೋಗುತ್ತದೆ. ಎಷ್ಟು ಕಳೆಯಬೇಕೆಂದು ಲೆಕ್ಕ ಹೇಳುತ್ತದೆ; ಯಾರನ್ನು ಕಳೆಯಬೇಕೆಂದು ಹೇಳುವುದಿಲ್ಲ. ಅದನ್ನು ಹೇಳುವವನು ಲೆಕ್ಕ ಮಾಡುವವನು. ತನ್ನನ್ನೂ ತನ್ನ ಮಗನನ್ನೂ ಕಳೆಯುವ ಸಾಲಿನಲ್ಲಿ ಅವನು ಎಂದೂ ಬರೆದುಕೊಳ್ಳುವುದಿಲ್ಲ. ಹೋತವನ್ನು ಅಟ್ಟಿದ ಊರಿನವರ ಲೆಕ್ಕವೂ ತಪ್ಪಾಗಿರಲಿಲ್ಲ. ಒಂದು ಹೋತಕ್ಕೆ ಒಂದು ಸೇತುವೆ, ಅಗ್ಗವೇ.

ಮಿತ್ರರು ಸ್ವಲ್ಪ ಹೊತ್ತು ಮೌನವಾಗಿದ್ದು, ಜೇಬಿನಿಂದ ಕಾಗದ ತೆಗೆದು ಲೆಕ್ಕ ಮಾಡತೊಡಗಿದರು. ೧೮೮೨ರಲ್ಲಿ ತೆರೆದ ರೈಲು ಸುರಂಗ ೧೫ ಕಿಲೋಮೀಟರು. ೧೯೯ ಸಾವು ಎಂದು ಹಿಡಿದರೆ ಕಿಲೋಮೀಟರಿಗೆ ಹದಿಮೂರು. ೧೯೮೦ರಲ್ಲಿ ತೆರೆದ ಮೋಟಾರು ಸುರಂಗ ಸುಮಾರು ೧೭ ಕಿಲೋಮೀಟರು. ಸಾವು ೧೯, ಕಿಲೋಮೀಟರಿಗೆ ಒಂದಕ್ಕಿಂತ ತುಸು ಹೆಚ್ಚು. ೨೦೧೬ರ ಜೂನ್ ೧ರಂದು ತೆರೆದ, ಬೆಟ್ಟದ ಬುಡದಲ್ಲಿಯೇ ಕೊರೆದ ಹೊಸ ರೈಲು ಸುರಂಗ ೫೭ ಕಿಲೋಮೀಟರು. ಸಾವು ೯, ಆರು ಕಿಲೋಮೀಟರಿಗೆ ಒಂದು. "ಬೆಟ್ಟ ಅದೇ, ಕಲ್ಲು ಅದೇ" ಎಂದು ಅವರು ಕಾಗದವನ್ನು ನಮ್ಮ ಕೈಗೆ ಕೊಟ್ಟರು. ಯಂತ್ರಗಳು ಬದಲಾದವು, ವೈದ್ಯ ಬೆಳೆಯಿತು, ನಿಜ. ಆದರೆ ಯಂತ್ರವನ್ನು ಕೊಳ್ಳುವುದು, ಹೊಗೆ ಆರುವವರೆಗೆ ಕಾಯುವುದು, ಕೂಲಿಗಾರನ ಮಾತಿಗೆ ಸಭೆಯಲ್ಲಿ ಜಾಗ ಕೊಡುವುದು, ಇವೆಲ್ಲ ಮನುಷ್ಯರು ಮಾಡಿದ ನಿರ್ಧಾರಗಳು. ಬೆಟ್ಟ ಇಷ್ಟು ಜೀವಗಳನ್ನು ಕೇಳುತ್ತದೆ ಎಂದು ಹಿಂದಿನವರು ಹೇಳಿದ್ದು ಬೆಟ್ಟದ ಮೇಲೆ ಹೊರಿಸಿದ ಮಾತು. ಬೆಲೆಯನ್ನು ಕಟ್ಟಿದವರು ಮನುಷ್ಯರೇ ಆದ್ದರಿಂದ ಅದನ್ನು ಇಳಿಸುವುದೂ ಅವರಿಂದ ಸಾಧ್ಯವಾಯಿತು. ಒಂಬತ್ತು ಎಂಬ ಅಂಕಿಯೂ ಒಂಬತ್ತು ಮನೆಗಳಿಗೆ ಸಣ್ಣದಲ್ಲವೆಂಬುದನ್ನು ಮಾತ್ರ ಮರೆಯುವಂತಿಲ್ಲ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಕಷ್ಟದ್ದು. "ಆಗಿದ್ದು ಆಯಿತು. ನಾವು ಆಗ ಹುಟ್ಟಿಯೇ ಇರಲಿಲ್ಲ. ಚೀಟಿ ಕೊಂಡು ಗಾಡಿ ಹತ್ತಿದವರ ಮೇಲೆ ಇದರ ಪಾಪವನ್ನು ಹೊರಿಸುವುದು ಯಾವ ನ್ಯಾಯ?" ಇದಕ್ಕೆ ನಮಗೆ ತೋರಿದ ಉತ್ತರ ಇಷ್ಟೆ. ಪಾಪವನ್ನು ಹೊರಿಸುವುದು ನ್ಯಾಯವಲ್ಲ; ಪಾಪ ಮಾಡಿದವನದು. ಆದರೆ ಪಾಪವಿಲ್ಲ ಎಂದೊಡನೆ ಸಂಬಂಧವೇ ಇಲ್ಲವೆಂದಾಗುವುದಿಲ್ಲ. ಇವೆರಡರ ನಡುವೆ ನಮ್ಮ ಹಿರಿಯರು ಇನ್ನೊಂದು ಮಾತನ್ನು ಇಟ್ಟಿದ್ದಾರೆ, ಅದು ಋಣ. ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಶತಪಥ ಬ್ರಾಹ್ಮಣವು ಮನುಷ್ಯಋಣವನ್ನೂ ಎಣಿಸುತ್ತದೆ. ಹುಟ್ಟಿದ್ದು ಯಾರ ತಪ್ಪೂ ಅಲ್ಲ. ಆದರೂ ಹುಟ್ಟಿದವನು ತಂದೆತಾಯಿಗಳಿಗೆ ಋಣಿ. ತಾನು ಮಾಡದ ಸಾಲಕ್ಕೂ ಮನುಷ್ಯ ಬಾಧ್ಯನಾಗಬಲ್ಲನೆಂಬುದು ಈ ಮಾತಿನ ತಿರುಳು.

ಈ ಋಣವನ್ನು ತೀರಿಸುವ ಬಗೆಯೂ ವಿಶೇಷವಾದದ್ದು. ಪಿತೃಋಣವನ್ನು ತಂದೆಗೆ ಹಿಂದಿರುಗಿ ಕೊಟ್ಟು ತೀರಿಸಲಾಗದು. ಮಕ್ಕಳನ್ನು ಸಾಕಿ ತೀರಿಸಬೇಕು. ಋಷಿಋಣವನ್ನು ಗುರುವಿಗೆ ಕಲಿಸಿ ತೀರಿಸುವುದಿಲ್ಲ. ಕಲಿತು, ಶಿಷ್ಯನಿಗೆ ಕಲಿಸಿ ತೀರಿಸುತ್ತೇವೆ. ಉಪಾಧ್ಯಾಯರಾದ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆಯೇ ದಾರಿಯ ಋಣವೂ ಹಿಂದಕ್ಕೆ ಸಲ್ಲುವಂಥದಲ್ಲ. ಹೊಗೆಯಲ್ಲಿ ಕೆಮ್ಮಿ ಸತ್ತವನಿಗೆ ಇಂದು ನಾವು ಉಸಿರು ಕೊಡಲಾರೆವು. ನಾಳೆ ನಮ್ಮ ಊರಿನಲ್ಲಿ ಒಂದು ಅಣೆಕಟ್ಟೋ, ರಸ್ತೆಯೋ, ಶಾಲೆಯ ಕಟ್ಟಡವೋ ಏಳುವಾಗ, ಅದನ್ನು ಮೊದಲು ದಾಟಬೇಕಾದವನನ್ನು ಕರೆದು ಕೇಳಿದರೇ ಎಂದು ವಿಚಾರಿಸಬಲ್ಲೆವು. ಮುಳುಗುವ ಹೊಲ ಯಾರದು, ಗುಂಡಿಗೆ ಇಳಿಯುವ ಮೈ ಯಾರದು, ಅವರು ಸಭೆಯಲ್ಲಿ ಇದ್ದರೇ, ಬೇಡವೆನ್ನುವ ಹಕ್ಕು ಅವರಿಗಿತ್ತೇ ಎಂದು ಕೇಳಬಲ್ಲೆವು. ಆ ಪ್ರಶ್ನೆಯನ್ನು ಕೇಳುವುದೇ ನಮ್ಮ ಸುಂಕ. ಕೇಳದೆ ಹೊಸ ಸೇತುವೆಯ ಮೇಲೆ ಕೈಬೀಸಿಕೊಂಡು ನಡೆಯುವವನು ಹಳೆಯ ಊರಿನವರ ಸಾಲಿನಲ್ಲಿಯೇ ನಿಲ್ಲುತ್ತಾನೆ. ಆಗ ಮಾತ್ರ ಋಣ ಹೋಗಿ ಪಾಪವಾಗುತ್ತದೆ.

ನೆನಪೂ ಈ ಸುಂಕದ ಒಂದು ಭಾಗವೇ. ಆದರೆ ನೆನಪು ತನಗೆ ಸುಖವಾದದ್ದನ್ನೇ ಆರಿಸಿಕೊಳ್ಳುತ್ತದೆ. ಸೈತಾನ ಬಿಟ್ಟುಹೋದ ಬಂಡೆ ೧೯೭೦ರ ದಶಕದಲ್ಲಿ ಹೊಸ ಹೆದ್ದಾರಿಗೆ ಅಡ್ಡ ಬಂದಾಗ, ಅದನ್ನು ಒಡೆದುಹಾಕಲು ಜನ ಒಪ್ಪದೆ, ಸುಮಾರು ೩ ಲಕ್ಷ ಫ್ರಾಂಕ್ ವೆಚ್ಚದಲ್ಲಿ ೧೨೭ ಮೀಟರು ಸರಿಸಿ ಉಳಿಸಿಕೊಂಡರು. ಕಥೆಯ ಮೇಲಿನ ಆ ಪ್ರೀತಿ ಮೆಚ್ಚತಕ್ಕದ್ದೇ. ಸುರಂಗದ ಕೂಲಿಗಾರರ ಸಾವನ್ನು ವಿನ್ಚೆನ್ಜೊ ವೇಲಾ ಎಂಬ ಶಿಲ್ಪಿ ೧೮೮೨ರ ಸುಮಾರಿಗೆ, ಯಾರೂ ಕೇಳದಿದ್ದರೂ, ಉಬ್ಬುಶಿಲ್ಪವಾಗಿ ಮಾಡಿದ. ಅದರ ಕಂಚಿನ ಪ್ರತಿ ಐರೋಲೊ ನಿಲ್ದಾಣದ ಬಳಿ ನಿಂತದ್ದು ೧೯೩೨ರಲ್ಲಿ, ಐವತ್ತು ವರ್ಷಗಳ ಮೇಲೆ. ನಮ್ಮ ತರಗತಿಗಳಲ್ಲಿಯೂ ಇದೇ ಅಭ್ಯಾಸ. ತಾಜಮಹಲನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರನ್ನು ಬರೆಸಿ ಒಂದು ಅಂಕ ಕೊಡುತ್ತೇವೆ. ಕಲ್ಲು ಹೊತ್ತವರು ಯಾರು ಎಂದು ಯಾವನಾದರೂ ಹುಡುಗ ಎದ್ದು ಕೇಳಿದರೆ ಅವನನ್ನು ಕುಳ್ಳಿರಿಸದಿರುವಷ್ಟಾದರೂ ನಾವು ಮಾಡಬಹುದು.

ದಕ್ಷಿಣದ ಗಾಡಿ ಬಂತು. ಹತ್ತಿ ಕುಳಿತೆವು. ಕಲ್ಲಿನ ಕಮಾನು ಮುಂದಕ್ಕೆ ಬಂದು ಬೆಳಕನ್ನು ನುಂಗಿತು. ಗಾಜಿನಲ್ಲಿ ಮತ್ತೆ ನಮ್ಮ ಮುಖ. ಮಿತ್ರರು ಗಡಿಯಾರ ನೋಡುತ್ತಿದ್ದರು. ಈ ಸಲ ನಾವು ಕಣ್ಣು ಮುಚ್ಚಲಿಲ್ಲ. ಕಣ್ಣು ತೆರೆದು ಕುಳಿತದ್ದರಿಂದ ಋಣ ತೀರಿತೆಂದು ನಾವು ಹೇಳುವುದಿಲ್ಲ. ಋಣವಿದೆ ಎಂದು ಒಪ್ಪಿಕೊಂಡಂತಾಯಿತು, ಅಷ್ಟೆ. ಸ್ವಲ್ಪ ಹೊತ್ತಿನ ಮೇಲೆ ಆಚೆಯ ಕಡೆಯ ಬಿಸಿಲು ಕಿಟಕಿಯೊಳಗೆ ಬಂತು. ಇಬ್ಬರೂ ಮಾತಿಲ್ಲದೆ ಐರೋಲೊದಲ್ಲಿ ಇಳಿದೆವು.